ನಿತ್ಯೋಪಯೋಗಕ್ಕೆ ಎಂತಹ ಜೂಮ್ ಮಸೂರ?

ಛಾಯಾಚಿತ್ರಗ್ರಹಣದಲ್ಲಿ ಆಸಕ್ತರಾದ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ಕೋಠಿಯ ಕ್ಯಾಮರಾ ಅಂಗಡಿಗಳ ಮುಂದೆ ನಿಂತಾಗ ಅವರ ಮನದಲ್ಲೇಳುವ ಪ್ರಶ್ನೆ ಒಂದೇ: ಇರುವ ಅಲ್ಪ ಹಣದಲ್ಲಿ ಯಾವ ಮಸೂರವನ್ನು ಕೊಂಡರೆ ಎಲ್ಲಕ್ಕೂ ಒದಗೀತು? ಹಿರಿಯರು ಬೆವರು ಸುರಿಸಿ ಉಳಿಸಿದ ಹಣವನ್ನು ವ್ಯಯಿಸುವ ಮುನ್ನ, ತರಗತಿಯಲ್ಲಿ ಕಲಿತ ಗಣಿತವನ್ನು ಸ್ವಲ್ಪ ನೆನೆಯುವುದು ಲೇಸು.

ಸಂಗಮದೂರವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಬಲ್ಲ ಮಸೂರವೇ ಜೂಮ್ ಮಸೂರ. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರ ಕಾಲದಲ್ಲಿ ಈ ಅನುಕೂಲವಿರಲಿಲ್ಲ. 35 ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮರಾಗಳಿಗೆ ಇದನ್ನು ಮೊದಲು ಒದಗಿಸಿದುದು ಜರ್ಮನಿಯ ಫಾಕ್ಟ್‌ಲೆಂಡರ್ ಸಂಸ್ಥೆ, 1959ರಲ್ಲಿ.

ಇಂದು ಕೈಗೆಟಕುವ ಬೆಲೆಯ ಅನೇಕ ಕ್ಯಾಮರಾಗಳಲ್ಲಿ, ಬಿಂಬ ಮೂಡುವ ಸಂವೇದಕದ ಅಗಲ ಸುಮಾರು 24 ಮಿ.ಮೀ. ಈ ಅಗಲವನ್ನು ವಸ್ತುವಿನ ದೂರದಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ, ಚಿತ್ರದಲ್ಲಿ ಹಿಡಿಯುವ ದೃಶ್ಯದ ಅಗಲ ದೊರೆಯುತ್ತದೆ. ಕೋಠಿಯ ಹಳೆಯ ರೆಸಿಡೆನ್ಸಿ ಭವನದ ಕಂಬಗಳನ್ನು 18 ಮೀಟರ್ ದೂರದಿಂದ ನೋಡುತ್ತೇವೆನ್ನೋಣ. 18 ಮಿ.ಮೀ.ಗೆ ತಿರುಗಿಸಿದರೆ 24 ಮೀಟರ್ ಅಗಲದ ನೋಟ. 55ಕ್ಕೆ ತಿರುಗಿಸಿದರೆ ಸುಮಾರು 8 ಮೀಟರ್ ಮಾತ್ರ. ನಿಂತಲ್ಲಿಂದಲೇ ಒಮ್ಮೆ ಭವನದ ವಿಸ್ತಾರ, ಒಮ್ಮೆ ಅದರ ಒಂದು ಭಾಗ!

ಇನ್ನು ಮನೆಯೊಳಗೆ ಬನ್ನಿ. ಮೂರು ಮೀಟರ್ ದೂರದಲ್ಲಿ 18 ಮಿ.ಮೀ. ಮಸೂರವು 4 ಮೀಟರ್ ಅಗಲವನ್ನು ಹಿಡಿದರೆ, 24ರಿಂದ ಆರಂಭವಾಗುವ ಮಸೂರ 3 ಮೀಟರನ್ನಷ್ಟೇ ಹಿಡಿಯುತ್ತದೆ. ಊರಿನಿಂದ ಬಂದ ಅಜ್ಜ ಅಜ್ಜಿಯರೊಡನೆ ಮನೆಮಂದಿಯೆಲ್ಲ ಕುಳಿತಾಗ, ಅಂಚಿನಲ್ಲಿದ್ದವರು ಚಿತ್ರದಿಂದ ಹೊರಗುಳಿದಾರು. ಆದುದರಿಂದ ಮಸೂರದ ದೊಡ್ಡ ಸಂಖ್ಯೆಗಿಂತ ಮೊದಲು ಚಿಕ್ಕ ಸಂಖ್ಯೆಯನ್ನು ನೋಡಬೇಕು.

ಎರಡನೆಯದು ಬೆಳಕು. ಮಸೂರದ ಅಂಚಿನಲ್ಲಿ 1:3.5-5.6 ಎಂಬ ಅಂಕಿಗಳಿರುತ್ತವೆ. ಸಂಗಮದೂರವನ್ನು ಈ ಅಂಕಿಯಿಂದ ಭಾಗಿಸಿದರೆ ಬೆಳಕು ಒಳಬರುವ ರಂಧ್ರದ ಗರಿಷ್ಠ ವ್ಯಾಸ ತಿಳಿಯುತ್ತದೆ. 55ನ್ನು 5.6ರಿಂದ ಭಾಗಿಸಿದರೆ ಸುಮಾರು 10 ಮಿ.ಮೀ.; 2.8ರಿಂದ ಭಾಗಿಸಿದರೆ ಸುಮಾರು 20. ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣವೂ ಬೆಳಕೂ ನಾಲ್ಮಡಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಕುಣಿಯುವ ಮಕ್ಕಳ ಚಿತ್ರ ಮಸುಕಾಗುವುದಕ್ಕೆ ಈ ಬೆಳಕಿನ ಕೊರತೆಯೇ ಮುಖ್ಯ ಕಾರಣ. ಕಂಪನ ನಿವಾರಕವು ನಮ್ಮ ಕೈಯ ನಡುಕವನ್ನು ತಡೆದೀತೇ ಹೊರತು ಕುಣಿಯುವವರ ಚಲನೆಯನ್ನಲ್ಲ. ಆದರೆ 2.8ರ ಜೂಮ್ ಮಸೂರದ ಬೆಲೆ ಬಹಳ ಹೆಚ್ಚು. ಮೊದಲು 18-55ರ ಸಾಧಾರಣ ಮಸೂರವನ್ನು ಕೊಂಡು, ಮುಂದೆ ಹಣ ಕೂಡಿದಾಗ ಅಗ್ಗದ 50 ಮಿ.ಮೀ., 1.8ರ ಸ್ಥಿರ ಮಸೂರವನ್ನು ಸೇರಿಸಿಕೊಳ್ಳುವುದು ಮಿತವ್ಯಯದ ಮಾರ್ಗ.

ಬಳಸಿದ ಮಸೂರವನ್ನು ಕೊಳ್ಳುವವರು, ಅದು ತಮ್ಮ ಕ್ಯಾಮರಾದ ಹಿಡಿಗೆ ಹೊಂದುವುದೇ ಎಂದು ಕೂಡಿಸಿ ನೋಡಬೇಕು. ಬೆಳಕಿಗೆ ಹಿಡಿದು, ಗಾಜಿನೊಳಗೆ ಬಲೆಯಂತಹ ಬೂಷ್ಟು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎರಡೂ ಕಡೆ ಚಿತ್ರ ತೆಗೆದು ಪರೀಕ್ಷಿಸಬೇಕು. ಮಳೆಗಾಲದಲ್ಲಿ ತೇವ ತಗಲದಂತೆ ಕಾಪಾಡಬೇಕು.

ಬೆಲೆ ಹೆಚ್ಚಾದ ಮಾತ್ರಕ್ಕೆ ಉಪಯೋಗ ಹೆಚ್ಚಲಾರದು. ನಮ್ಮ ಅಗತ್ಯವೇನೆಂದು ಅಳೆದು ನೋಡಿ ಕೊಂಡ ಸಾಧಾರಣ ಮಸೂರವೇ, ನಮ್ಮ ಮನೆಯವರ ಮುಖಗಳನ್ನು ಮುಂದಿನ ಪೀಳಿಗೆಗೆ ಉಳಿಸಿಕೊಟ್ಟೀತು.