ಮೊಟ್ಟೆ ಬಲಿಯುತ್ತಿಲ್ಲ ಅಂದರೆ ಏನು?

ಪ್ರಶ್ನೆ: ಮದುವೆಯಾಗಿ ನಾಲ್ಕು ವರ್ಷ, ವಯಸ್ಸು 27. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದೆವು. ಪಿಸಿಓಡಿ ಇದೆ, ಮೊಟ್ಟೆ ಬಲಿಯುತ್ತಿಲ್ಲ ಎಂದರು. ಸರಿಯಾಗಿ ಉಣ್ಣದ್ದಕ್ಕೇ ಹೀಗಾಯಿತು ಅಂತಾರೆ ನಮ್ಮತ್ತೆ. ನಿಜವೇ ಡಾಕ್ಟ್ರೇ?
– ಓದುಗರು, ಅರಕಲಗೂಡು

ಉತ್ತರ: ಅಲ್ಲಮ್ಮ. ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಸ್ಕ್ಯಾನಿನಲ್ಲಿ ಕಂಡದ್ದು ಮೊಟ್ಟೆಯಲ್ಲ, ಅದನ್ನು ಇಟ್ಟುಕೊಂಡಿರುವ ನೀರಿನ ಚೀಲ, ಅಂದರೆ ಫಾಲಿಕಲ್. ಮೊಟ್ಟೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಮಾತ್ರ.

ನಿಮ್ಮ ಮೊಟ್ಟೆಗಳೆಲ್ಲ ನೀವು ತಾಯಿಯ ಗರ್ಭದಲ್ಲಿದ್ದಾಗಲೇ ತಯಾರಾದವು. ಅಂದಿನಿಂದ ಅವು ವಿಭಜನೆಯ ನಡುವೆಯೇ ನಿಂತಿವೆ. ಹಾಗೆ ತಡೆದಿರುವುದು ಮೊಟ್ಟೆಯೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು. ಅದು ಕರಗದಂತೆ ಕಾಯುವುದು ಸುತ್ತಲಿನ ಜೀವಕೋಶಗಳು ಸೂಕ್ಷ್ಮ ನಾಳಗಳ ಮೂಲಕ ಕಳಿಸುವ ಸೈಕ್ಲಿಕ್ ಜಿಎಂಪಿ.

ತಿಂಗಳ ನಡುವೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಉಕ್ಕಿ ಬರುತ್ತದೆ. ಅದು ನೇರವಾಗಿ ಮೊಟ್ಟೆಯನ್ನು ಮುಟ್ಟುವುದಿಲ್ಲ. ಸುತ್ತಲಿನ ಜೀವಕೋಶಗಳಿಗೆ ಅಂಟಿ, ಅವುಗಳಿಂದ ಆಂಫಿರೆಗ್ಯುಲಿನ್, ಎಪಿರೆಗ್ಯುಲಿನ್ ಎಂಬ ಸಂಕೇತದ ಪ್ರೋಟೀನುಗಳನ್ನು ಹೊರಡಿಸುತ್ತದೆ. ಆಗ ಕಾವಲು ಸಡಿಲಾಗಿ ಎಂಪಿಎಫ್ ಎಂಬ ಜೋಡಿ ಪ್ರೋಟೀನು ಎಚ್ಚರಗೊಳ್ಳುತ್ತದೆ, ಮೊಟ್ಟೆಯ ಬೀಜಕೇಂದ್ರದ ಪೊರೆ ಕರಗುತ್ತದೆ, ಅರ್ಧ ವರ್ಣತಂತುಗಳು ಹೊರಬೀಳುತ್ತವೆ. ಬಲಿಯುವುದೆಂದರೆ ಇದು. ಎಲ್‌ಎಚ್‌ನಂಥ ಹಾರ್ಮೋನುಗಳನ್ನು ಪ್ರತಿಕಾಯಗಳಿಂದ ತಡೆದು ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನುಗ್ಗೇಹಳ್ಳಿ ರಘುವೀರ ಮೌದ್ಗಲ್ ಪ್ರಮುಖರು. 1976ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ನಿಮ್ಮ ಮನೆಯಲ್ಲಿ ಹಸು ಇದ್ದರೆ ಈ ಉಕ್ಕಿನ ಅಂದಾಜು ಸಿಗುತ್ತದೆ. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸುತ್ತೀರಲ್ಲ, ಎಲ್‌ಎಚ್ ಉಕ್ಕಿದ ಮೇಲೆ ಮೊಟ್ಟೆ ಹೊರಬರಲು ಒಂದು ದಿನಕ್ಕೂ ಹೆಚ್ಚು ಬೇಕು ಎಂಬ ಲೆಕ್ಕದಿಂದಲೇ.

ಪಿಸಿಓಡಿಯಲ್ಲಿ ಚೀಲಗಳು ಸಣ್ಣದರಲ್ಲೇ ನಿಂತುಬಿಡುತ್ತವೆ, ಹಾಗಾಗಿ ಎಷ್ಟೋ ತಿಂಗಳು ಆ ಉಕ್ಕು ಬರುವುದೇ ಇಲ್ಲ. ಇದಕ್ಕೆ ಮೊದಲು ಕೊಡುವುದು ಲೆಟ್ರೊಝೋಲ್ ಮಾತ್ರೆ, ಮುಟ್ಟಿನ ಆರಂಭದಲ್ಲಿ ಐದು ದಿನ. ಚೀಲ 18–20 ಮಿಲಿಮೀಟರ್ ಆದಾಗ ಬೇಕಿದ್ದರೆ ಎಚ್‌ಸಿಜಿ ಚುಚ್ಚುಮದ್ದು ಕೊಡುತ್ತಾರೆ. ಅದು ಎಲ್‌ಎಚ್‌ನ ಕೆಲಸ ಮಾಡುತ್ತದೆ, ಸುಮಾರು 36 ಗಂಟೆಯಲ್ಲಿ ಮೊಟ್ಟೆ ಬಿಡುಗಡೆಯಾಗುತ್ತದೆ. ಇವನ್ನು ಸ್ತ್ರೀರೋಗ ತಜ್ಞರ ಕೈಯಲ್ಲೇ ತೆಗೆದುಕೊಳ್ಳಿ, ಮೆಡಿಕಲ್ ಸ್ಟೋರಿನಿಂದ ನೀವೇ ತಂದು ನುಂಗಬೇಡಿ. ತೂಕ ಹೆಚ್ಚಿದ್ದರೆ ನೂರಕ್ಕೆ ಐದರಷ್ಟು ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡಿಸಿ. ಮಾತ್ರೆ ಶುರುಮಾಡುವ ಮೊದಲು ಯಜಮಾನರ ವೀರ್ಯ ಪರೀಕ್ಷೆ ಆಗಲೇಬೇಕು. ಅದನ್ನು ಬಿಟ್ಟು ಹೆಂಗಸಿಗೇ ವರ್ಷಗಟ್ಟಲೆ ಔಷಧಿ ಕೊಡಿಸುವುದು ಅನ್ಯಾಯ.

ಪ್ರಶ್ನೆ: ವಯಸ್ಸು 36, ಎಎಂಎಚ್ ಕಡಿಮೆ. ಮೊಟ್ಟೆ ಹೆಚ್ಚಿಸುವ ಪುಡಿ ಕೊಳ್ಳಲೇ?
– ಓದುಗರು, ಹೊಳೆನರಸೀಪುರ

ಉತ್ತರ: ಬೇಡ. ಹೊಸ ಮೊಟ್ಟೆ ತಯಾರಿಸುವ ಪುಡಿ ಯಾವುದೂ ಇಲ್ಲ. ಎಎಂಎಚ್ ಉಳಿದಿರುವ ಮೊಟ್ಟೆಗಳ ಅಂದಾಜು ಹೇಳುತ್ತದೆ; ಅವು ಚೆನ್ನಾಗಿವೆಯೇ, ಬಸಿರು ನಿಲ್ಲುತ್ತದೆಯೇ ಎಂದು ಹೇಳುವುದಿಲ್ಲ. ಆರು ತಿಂಗಳು ಪ್ರಯತ್ನಿಸಿಯೂ ಆಗಿಲ್ಲವೆಂದರೆ ಮುಂದೂಡದೆ ಈ ತಿಂಗಳೇ ತಜ್ಞರನ್ನು ಕಾಣಿ, ಇಬ್ಬರೂ ಜೊತೆಯಾಗಿ ಹೋಗಿ.