ಗೈಡಿನ ದುಡ್ಡಿನಲ್ಲಿ ಚೌಕಾಸಿ ಬೇಡ

ಹೊಸಪೇಟೆಯಲ್ಲಿ ಮನೆ ಇದ್ದವರಿಗೆ ದಸರೆಯಿಂದ ಶಿವರಾತ್ರಿಯವರೆಗೆ ನೆಂಟರು ತಪ್ಪುವುದಿಲ್ಲ. ಬಂದವರಿಗೆಲ್ಲ ಹಂಪಿ ನೋಡಬೇಕು, ಅದೂ ಒಂದೇ ದಿನದಲ್ಲಿ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಹದಿಮೂರು ಕಿಲೊಮೀಟರ್ ದಾರಿ, ರಾತ್ರಿ ಊಟಕ್ಕೆ ಮನೆಗೆ ವಾಪಸ್. ಆ ದಿನದ ಖರ್ಚು ಬರೆದಿಡುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಹಳೆಯ ಡೈರಿಗಳನ್ನು ತಿರುವಿದಾಗೆಲ್ಲ ಒಂದೇ ಸಂಗತಿ ಕಣ್ಣಿಗೆ ಬೀಳುತ್ತದೆ. ಕಾರಿಗೆ ಕೇಳಿದಷ್ಟು ಕೊಟ್ಟಿರುತ್ತೇವೆ, ಊಟಕ್ಕೆ ಕೈ ಹಿಡಿದಿರುವುದಿಲ್ಲ, ಎಳನೀರು, ಐಸ್‌ಕ್ರೀಮಿಗೆ ಲೆಕ್ಕವೇ ಇಟ್ಟಿರುವುದಿಲ್ಲ. ಚೌಕಾಸಿ ಶುರುವಾಗುವುದು ಗೈಡಿನ ಮುಂದೆ ನಿಂತಾಗ.

ಹೋದ ದೀಪಾವಳಿಗೆ ದಾವಣಗೆರೆಯಿಂದ ಅಕ್ಕ, ಭಾವ, ಅವರ ಮಗಳು, ಜೊತೆಗೆ ಭಾವನ ತಮ್ಮನ ಮಗ ಬಂದಿದ್ದರು. ಮಗಳು ಜರ್ಮನಿಯಲ್ಲಿ ಕೆಲಸಕ್ಕಿದ್ದಾಳೆ. ವಿರೂಪಾಕ್ಷ ಗುಡಿಯ ಮುಂದೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಗೈಡೊಬ್ಬರು ಪೂರ್ತಿ ದಿನಕ್ಕೆ ಎರಡೂವರೆ ಸಾವಿರ ಎಂದರು. ಭಾವ ಒಂದೂವರೆಯಿಂದ ಎತ್ತಿದರು. "ಮುಂಜಾನಿಂದ ಸಂಜಿತನಕ ನಿಮ್ಮ ಜೋಡಿನ ಇರತೀನ್ರಿ ಅಣ್ಣಾರ" ಎಂದರು ಆತ. ಅಕ್ಕನ ಮಗಳು ನಡುವೆ ಬಾಯಿ ಹಾಕಿದಳು: "ಸಾಕು ಬಿಡಪ್ಪಾ. ಇಟಲಿಯೊಳಗ ಇಂಥದ್ದೇ ಒಂದು ದಿನಕ್ಕ ನಾ ಒಬ್ಬಾಕಿನ ಹತ್ತು ಸಾವಿರ ಕೊಟ್ಟೀನಿ."

ಅವಳು ಹೋಗಿದ್ದು ಚಿಂಕ್ವೆ ತೆರೆಗೆ. ಇಟಲಿಯ ವಾಯವ್ಯ ಕರಾವಳಿಯಲ್ಲಿ ಬಂಡೆಗೆ ಆತುಕೊಂಡ ಐದು ಊರುಗಳು: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲಿಯಾ, ಮನರೋಲಾ, ರಿಯೊಮಜೊರೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ನಮ್ಮ ಹಂಪಿ ಸೇರಿದ್ದು ಅದಕ್ಕೂ ಮೊದಲು, 1986ರಲ್ಲಿ. ಫ್ಲಾರೆನ್ಸ್‌ನಿಂದ ಬೆಳಿಗ್ಗೆ ಬಸ್ಸು, ಊರಿಂದ ಊರಿಗೆ ರೈಲು, ಸಮುದ್ರ ಶಾಂತವಾಗಿದ್ದರೆ ದೋಣಿ, ರಾತ್ರಿ ಮರಳಿ ಫ್ಲಾರೆನ್ಸ್. ತಲೆಗೆ ನೂರು ಯೂರೋ ಮೇಲೆ ಸ್ವಲ್ಪ, ಊಟ ಬೇರೆ. ನಲವತ್ತಕ್ಕೂ ಹೆಚ್ಚು ಜನರ ಗುಂಪು. ಗೈಡ್ ಒಂದು ಬಾವುಟ ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳಂತೆ, ಅವಳ ಮಾತು ಎಲ್ಲರ ಕಿವಿಯ ಪುಟ್ಟ ಯಂತ್ರದಲ್ಲಿ ಕೇಳುತ್ತಿತ್ತಂತೆ. "ಊರು ಭಾಳ ಚಂದ ಅದಾವು ಮಾಮಾ. ಆದರ ಆ ಗೈಡಿನ ಮುಖಾನ ನೆನಪಿಲ್ಲ" ಎಂದಳು.

ಈಗ ನಮ್ಮ ದಿನದ ಲೆಕ್ಕ ನೋಡಿ. ನಾವು ಐದು ಜನ. ಗೈಡಿಗೆ 2,500 ರೂಪಾಯಿ. ಹೊಸಪೇಟೆಯಿಂದ ಏಳು ಸೀಟಿನ ಗಾಡಿಗೆ ಚಾಲಕ, ಡೀಸೆಲ್ ಸೇರಿ 3,000. ಪುರಾತತ್ವ ಇಲಾಖೆಯ ಟಿಕೆಟ್ ತಲೆಗೆ 40 ರೂಪಾಯಿಯಂತೆ ನಾಲ್ವರಿಗೆ 160; ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಆ ದಿನ ಪೂರ್ತಿ ಅದೇ ಟಿಕೆಟ್ ವಿಠ್ಠಲ ದೇವಸ್ಥಾನಕ್ಕೂ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಹಾಗಾಗಿ ಅದನ್ನು ಎಸೆಯಬೇಡಿ. ಊಟಕ್ಕೆ ಸಾವಿರ, ಬ್ಯಾಟರಿ ಗಾಡಿ, ಎಳನೀರು, ಚಹಾ, ಪಾರ್ಕಿಂಗ್‌ಗೆ ಏಳುನೂರು. ಒಟ್ಟು ಏಳು ಸಾವಿರದ ಮುನ್ನೂರು ಚಿಲ್ಲರೆ, ತಲೆಗೆ ಒಂದೂವರೆ ಸಾವಿರದ ಒಳಗೆ. ಭಾವ ಉಳಿಸಲು ಹೊರಟಿದ್ದ ಒಂದು ಸಾವಿರವನ್ನು ಐವರಿಗೆ ಹಂಚಿದರೆ ತಲೆಗೆ ಇನ್ನೂರು. ಎಂಟು ಗಂಟೆ ಜೊತೆಗಿದ್ದು ನಮ್ಮ ಐವರಿಗೆ ಮಾತ್ರ ಮಾತಾಡಿದ ಮನುಷ್ಯನಿಗೆ ನಾವು ಕೊಟ್ಟಿದ್ದು ತಲೆಗೆ ಗಂಟೆಗೆ ಅರವತ್ತು ಚಿಲ್ಲರೆ ರೂಪಾಯಿ.

ಆ ಅರವತ್ತು ರೂಪಾಯಿಗೆ ಏನು ಸಿಕ್ಕಿತು ಎಂಬುದನ್ನು ಬರೆಯಲೇಬೇಕು. ಮುತ್ತು ರತ್ನಗಳನ್ನು ರಾಶಿ ಹಾಕಿ ಮಾರುತ್ತಿದ್ದ ಕತೆ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಗೈಡ್ ನೀರಿನಿಂದ ಶುರು ಮಾಡಿದರು. ಹಂಪಿಯ ಬಾಳೆತೋಟಗಳ ನಡುವೆ ಹರಿಯುವ ತುರ್ತಾ ಕಾಲುವೆಯ ಪಕ್ಕ ಗಾಡಿ ನಿಲ್ಲಿಸಿ, ಇದು ವಿಜಯನಗರದ ಕಾಲದ್ದು, ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ ಎಂದರು. ಹೊಸಪೇಟೆಯ ಬಸವಣ್ಣ ಕಾಲುವೆ, ರಾಯ ಕಾಲುವೆ, ಅವರದೇ ಊರಿನ ಕಡೆಯ ಕಂಪ್ಲಿ ಕಾಲುವೆ, ಎಲ್ಲ ಅದೇ ಕಾಲದವು. ಬಸವಣ್ಣ ಕಾಲುವೆಯನ್ನಂತೂ ನಾನು ದಿನಾ ದಾಟುತ್ತೇನೆ. ರಾಜಧಾನಿ 1565ರಲ್ಲಿ ಬಿತ್ತು, ಬಂಗಾರದ ವರಾಹಗಳು ಚದುರಿಹೋದವು, ಕಾಲುವೆಗೆ ಹಾಕಿದ ಹಣ ಮಾತ್ರ ಈಗಲೂ ಕಂಪ್ಲಿಯ ಭತ್ತ, ಕಬ್ಬಿನಲ್ಲಿ ಫಲ ಕೊಡುತ್ತಿದೆ. ಹೂಡಿಕೆಯ ಬಗ್ಗೆ ಇಷ್ಟು ವರ್ಷ ಬರೆದರೂ ಇದಕ್ಕಿಂತ ದೀರ್ಘ ಅವಧಿಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿಯಲ್ಲಿ ಕಲ್ಲುಗಳ ಮೇಲೆ ಕೆತ್ತಿದ ಸಣ್ಣ ಗುರುತುಗಳನ್ನು ತೋರಿಸಿದರು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಮೊದಲೇ ಬರೆದು ತಂದು ಕೂಡಿಸಿದ್ದಾರೆ. ವಿರೂಪಾಕ್ಷ ಗುಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಹುಡುಗನ ಕೈಯಲ್ಲೇ ಒಂದು ಕಾಗದ ಹಿಡಿಸಿ ತೋರಿಸಿದರು. ಅವನ ವಿಜ್ಞಾನದ ಪಾಠದ ಸೂಜಿರಂಧ್ರ ಕ್ಯಾಮೆರಾ ಅಲ್ಲೇ ಇತ್ತು. ಅಕ್ಕನ ಮಗಳು ವೆನಿಸ್ಸಿನ ಮಾತೆತ್ತಿದಾಗ, ವೆನಿಸ್ಸಿನ ವರ್ತಕ ನಿಕೊಲೊ ಕಾಂಟಿ 1420ರ ಸುಮಾರಿಗೇ ಇಲ್ಲಿಗೆ ಬಂದಿದ್ದ ಎಂದರು. ವಿಠ್ಠಲ ದೇವಸ್ಥಾನದಲ್ಲಿ ಹುಡುಗ ಐವತ್ತರ ನೋಟು ಹಿಡಿದು ಕಲ್ಲಿನ ರಥದ ಪಕ್ಕ ಫೋಟೊ ತೆಗೆಸಿಕೊಂಡ. 2017ರಲ್ಲಿ ಬಂದ ಆ ನೋಟಿನ ಬೆನ್ನಿನ ಮೇಲೆ ಇರುವುದು ಇದೇ ರಥ.

ಮಧ್ಯಾಹ್ನ ಬುಕ್ಕಸಾಗರದ ಸೇತುವೆ ದಾಟಿ ಆನೆಗೊಂದಿಯಲ್ಲಿ ಮನೆಯೂಟ ಮಾಡಿದೆವು. ಹಿಂದಿನ ದಿನವೇ ಫೋನು ಮಾಡಿ ಹೇಳಿದ್ದೆ. ಊಟದ ಹೊತ್ತಿನಲ್ಲಿ ಗೈಡನ್ನು ನಾನು ಅವರ ಆದಾಯದ ಬಗ್ಗೆ ಕೇಳಿದೆ; ಇದು ನನ್ನ ಅಂಕಣದ ಕೆಲಸ, ಅವರೂ ಬಿಚ್ಚಿ ಹೇಳಿದರು. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಕೈತುಂಬ ಕೆಲಸ. ಮಾರ್ಚ್ ಬಂತೆಂದರೆ ಕಲ್ಲು ಕಾದು ಬರಿಗಾಲು ಇಡಲಾಗುವುದಿಲ್ಲ, ಜನ ಬರುವುದಿಲ್ಲ. ಬೇಸಿಗೆಯಿಡೀ ಮನೆ ನಡೆಯಬೇಕಾದದ್ದು ಚಳಿಗಾಲದಲ್ಲಿ ದುಡಿದ ದುಡ್ಡಿನಿಂದ. ಸಂಬಳವಿಲ್ಲ, ಭವಿಷ್ಯನಿಧಿ ಇಲ್ಲ. ಸೀಸನ್ನಿನಲ್ಲೂ ದಿನಾ ಗಿರಾಕಿ ಸಿಗುವ ಖಾತ್ರಿ ಇಲ್ಲ. ಎರಡೂವರೆ ಸಾವಿರವನ್ನು ತಿಂಗಳಿಗೆ ಮೂವತ್ತು ದಿನದಿಂದ ಗುಣಿಸಿ "ಒಳ್ಳೆ ಸಂಪಾದನೆ" ಎನ್ನುವವರು ಈ ಖಾಲಿ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೈಡಿನ ದರ ಹಿಂಡಿದಾಗ ಆ ಕೊರತೆ ಬೇರೆ ಕಡೆಯಿಂದ ತುಂಬಬೇಕಾಗುತ್ತದೆ. ಪ್ರವಾಸಿ ತಾಣ ಎಲ್ಲೇ ಇರಲಿ, ಕಮಿಷನ್ ಕೊಡುವ ಅಂಗಡಿಗೆ ದಿನದ ಒಂದು ಗಂಟೆ ಹೋಗುವುದು ಹೀಗೆ.

ಹಂಪಿಯಲ್ಲಿ ಈ ದುಡ್ಡಿಗೆ ಇನ್ನೊಂದು ತೂಕವಿದೆ. 2011ರ ಜುಲೈನಲ್ಲಿ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನದಿಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಸ್ಮಾರಕ ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೊಸಪೇಟೆಯಲ್ಲಿ ಮಲಗಿ, ಹೊಸಪೇಟೆಯಲ್ಲೇ ಉಂಡು, ಹಗಲು ಹಂಪಿ ಸುತ್ತಿ ಹೋಗುವವರಿಂದ ಆ ಊರಿಗೆ ಉಳಿಯುವುದು ಏನು? ಟಿಕೆಟ್ಟಿನ ದುಡ್ಡು ಕೇಂದ್ರ ಇಲಾಖೆಗೆ. ಊರಿನವರ ಕೈಗೆ ಬೀಳುವುದು ಗೈಡಿನ ದುಡ್ಡು, ಆಟೊ ದುಡ್ಡು, ತೆಪ್ಪದ ದುಡ್ಡು, ಊಟದ ದುಡ್ಡು, ಇಷ್ಟೇ. 2024ರಲ್ಲಿ ವೆನಿಸ್ ನಗರ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆಂದೇ ಕೆಲವು ದಿನಗಳಲ್ಲಿ 5 ಯೂರೋ ಶುಲ್ಕ ಇಟ್ಟಿತು. ಇಲ್ಲಿ ಅಂಥ ಶುಲ್ಕ ಬೇಕೆಂದು ನಾನು ಹೇಳುತ್ತಿಲ್ಲ, ಊರಿನವರಿಗೆ ನೇರವಾಗಿ ಸೇರುವ ನಾಲ್ಕು ಬಾಬತ್ತಿನಲ್ಲಾದರೂ ಕೈ ಬಿಗಿ ಹಿಡಿಯಬಾರದು ಎನ್ನುತ್ತೇನೆ. ಆನೆಗೊಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್‌ನಿಂದಾಗಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. ನೆಂಟರಿಗೆ ಉಡುಗೊರೆ ಕೊಳ್ಳುವುದಿದ್ದರೆ ನಾನು ಅಲ್ಲಿಗೇ ಕರೆದೊಯ್ಯುತ್ತೇನೆ.

ಉಳಿಸಬೇಕೆಂದರೆ ಉಳಿಸಲು ಬೇರೆ ಜಾಗವಿದೆ. "ಹಂಪಿ, ಅಂಜನಾದ್ರಿ, ತುಂಗಭದ್ರಾ ಡ್ಯಾಮ್, ಸಂಡೂರು, ಎಲ್ಲ ಒಂದೇ ದಿನ" ಎನ್ನುವ ಪ್ಯಾಕೇಜುಗಳಿಗೆ ದುಡ್ಡು ಕೊಡಬೇಡಿ. ಅಂಜನಾದ್ರಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತಿ ಇಳಿಯುವುದಕ್ಕೇ ಸಾಕಷ್ಟು ಹೊತ್ತು ಬೇಕು. ಸಂಡೂರು ಹೊಸಪೇಟೆಯಿಂದ ಇನ್ನೊಂದು ದಿಕ್ಕಿಗೆ. ಅಂಥ ದಿನದಲ್ಲಿ ನೀವು ಕೊಡುವ ಹಣದ ಹೆಚ್ಚಿನ ಪಾಲು ಡೀಸೆಲ್ಲಿಗೆ ಹೋಗುತ್ತದೆ, ಹೆಚ್ಚಿನ ಹೊತ್ತು ಸೀಟಿನ ಮೇಲೆ ಕಳೆಯುತ್ತದೆ. ಸಂಡೂರಿಗೆ ಬೇರೆಯೇ ದಿನ ಇಡಿ, ಅದೂ ಮಳೆ ಬಿದ್ದ ಮೇಲೆ. ಗಣಿಯ ಕೆಂಪು ಧೂಳು ಅಡಗಿ ಬೆಟ್ಟಸಾಲು ಹಸಿರಾಗಿರುತ್ತದೆ, ಕುಮಾರಸ್ವಾಮಿ ಗುಡಿಯ ದಾರಿ ಅಷ್ಟು ಚಂದದ ಘಾಟಿ ಎಂದು ನೋಡದವರಿಗೆ ನಂಬಿಕೆ ಬರುವುದಿಲ್ಲ. ಊರಿನಲ್ಲಿ ಸಂಡೂರು ಕುಶಲ ಕಲಾ ಕೇಂದ್ರವಿದೆ, ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಅಲ್ಲಿ ಸಿಗುತ್ತದೆ. ಬೆಲೆ ಹೆಚ್ಚೆನಿಸಿದರೆ ಒಂದು ಚೌಕಕ್ಕೆ ಎಷ್ಟು ಹೊತ್ತು ಸೂಜಿ ಹಿಡಿದು ಕೂರಬೇಕೆಂದು ಅಲ್ಲೇ ಕೇಳಿ.

ಗೈಡನ್ನು ಗೊತ್ತುಮಾಡುವ ಮುನ್ನ ಇಲಾಖೆಯ ಗುರುತಿನ ಚೀಟಿ ನೋಡಿ, ಎಷ್ಟು ಗಂಟೆ, ಯಾವ್ಯಾವ ಜಾಗ, ಊಟ ಯಾರದು ಎಂಬುದನ್ನು ಬಾಯಿಬಿಟ್ಟು ಮಾತಾಡಿ. ಎಲ್ಲೂ ಅಂಗಡಿಗೆ ನಿಲ್ಲಿಸುವುದು ಬೇಡ ಎಂದೂ ಆಗಲೇ ಹೇಳಿ. ಪೂರ್ತಿ ದರ ಕೊಡುವವರಿಗೆ ಈ ಮಾತು ಹೇಳುವ ಹಕ್ಕಿರುತ್ತದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕ ಮತ್ತೆ ಬರುತ್ತೇನೆಂದಿದ್ದಾಳೆ, ಈ ಸಲ ಸಂಡೂರಿಗೆ. ನಾವು ಬಸ್ಸಿನಲ್ಲಿ ಹೋಗುತ್ತೇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸು ಪುಕ್ಕಟೆ, ನನಗೂ ಭಾವನಿಗೂ ಟಿಕೆಟ್. ಕಾರಿನ ಮೂರು ಸಾವಿರ ಉಳಿಯುತ್ತದೆ. ಅದರಲ್ಲಿ ಅಲ್ಲಿ ಓಡಾಡಲು ಒಂದು ಆಟೊ, ಬೆಟ್ಟ ಬಲ್ಲ ಅದೇ ಊರಿನ ಒಬ್ಬರಿಗೆ ಪೂರ್ತಿ ದಿನದ ದುಡ್ಡು. ಭಾವ ಈ ಸಲ ದರ ಕೇಳಿ ಒಪ್ಪಿಕೊಂಡಿದ್ದಾರೆ.