ಬೀದಿ, ಗೋಡೆ, ನೆರಳು: ಕೊಚ್ಚಿ–ತುಂಬಗಳ ಹಿನ್ನೆಲೆಯಲ್ಲಿ ಕಪ್ಪುಬಿಳುಪು ಛಾಯಾಚಿತ್ರಣದ ಎರಡು ತತ್ತ್ವಗಳು

1

ಗ್ರೀಕ್ ಮೂಲದ ‘ಫೋಟೋಗ್ರಫಿ’ ಎಂಬ ಪದಕ್ಕೆ ಬೆಳಕಿನ ಬರೆಹವೆಂದು ಅರ್ಥ. ಕನ್ನಡವು ಅದೇ ಕಲೆಯನ್ನು ಛಾಯೆಯ ಕಡೆಯಿಂದ ಗುರುತಿಸಿ ‘ಛಾಯಾಚಿತ್ರ’ವೆಂದು ಕರೆಯಿತು. ಕಪ್ಪುಬಿಳುಪು ಚಿತ್ರದ ಮಟ್ಟಿಗೆ ಈ ಹೆಸರೇ ಹೆಚ್ಚು ಸಾರ್ಥಕ. ವರ್ಣವನ್ನು ಕಳೆದುಕೊಂಡ ಬಿಂಬಕ್ಕೆ ಆಳ, ಗಾತ್ರ, ಒರಟುತನಗಳನ್ನು ತಂದುಕೊಡುವುದು ನೆರಳೇ. ಕಟ್ಟಡಗಳನ್ನೂ ಬೀದಿಗಳನ್ನೂ ಚಿತ್ರಿಸುವಾಗ ಈ ಕೆಲಸ ಎರಡು ದಾರಿಗಳಲ್ಲಿ ನಡೆಯುತ್ತದೆ. ಒಂದು, ದೂರ ಸರಿದಂತೆ ವಸ್ತುಗಳು ಕಿರಿದಾಗಿ ತೋರುವ ಪರಿಪ್ರೇಕ್ಷ್ಯ. ಇನ್ನೊಂದು, ಮೇಲ್ಮೈಯ ಹುರಿ, ಬಿರುಕು, ನುಣುಪುಗಳನ್ನು ಕಣ್ಣಿಗೆ ಮುಟ್ಟಿಸುವ ಮೈವಳಿಕೆ. ಇವೆರಡರ ಸ್ವರೂಪವನ್ನು ಕೇರಳದ ಮಟ್ಟಾಂಚೇರಿ, ತಿರುವನಂತಪುರ ಹಾಗೂ ತುಂಬಗಳ ನಿದರ್ಶನಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಸಮಾನಾಂತರ ರೇಖೆಗಳು ದೂರದಲ್ಲಿ ಒಂದು ಬಿಂದುವಿನಲ್ಲಿ ಕೂಡಿದಂತೆ ಕಾಣುವುದನ್ನು ಚಿತ್ರಕಲೆಯ ನಿಯಮವಾಗಿ ಮೊದಲು ಬರೆದಿಟ್ಟವನು ಇಟಲಿಯ ಆಲ್ಬರ್ಟಿ, ಅದು 1435ರಲ್ಲಿ. ಮಟ್ಟಾಂಚೇರಿಯ ಯಹೂದಿ ಬೀದಿ ಈ ನಿಯಮಕ್ಕೆ ಬರೆದಿಟ್ಟಂತಹ ಪಾಠ. ಇಕ್ಕೆಲದ ಮನೆಗಳ ಸೂರು, ಕಿಟಕಿಗಳ ಸಾಲು, ಜಗಲಿಯ ಅಂಚು ಎಲ್ಲವೂ ಬೀದಿಯ ಕೊನೆಯ ಕಡೆಗೆ ಓಡುತ್ತವೆ. ಆ ಕೊನೆಯಲ್ಲಿರುವುದು 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಮತ್ತು 1760ರ ಗಡಿಯಾರದ ಗೋಪುರ. ರೇಖೆಗಳು ಕೂಡುವೆಡೆಯಲ್ಲಿ ಬೀದಿಯ ಅರ್ಥವೂ ಕೂಡುತ್ತದೆ.

ಪರಿಪ್ರೇಕ್ಷ್ಯದ ವಿಷಯದಲ್ಲಿ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸಬೇಕು. ಲೆನ್ಸು ಬದಲಾದರೆ ಪರಿಪ್ರೇಕ್ಷ್ಯ ಬದಲಾಗುತ್ತದೆ ಎಂಬುದು ನಿಜವಲ್ಲ. ನಿಂತ ಜಾಗದಿಂದ ಕದಲದೆ ಲೆನ್ಸನ್ನಷ್ಟೇ ಬದಲಿಸಿದರೆ ಚೌಕಟ್ಟು ಹಿರಿದೋ ಕಿರಿದೋ ಆಗುವುದೇ ಹೊರತು ವಸ್ತುಗಳ ಪರಸ್ಪರ ಪ್ರಮಾಣ ಹಾಗೆಯೇ ಉಳಿಯುತ್ತದೆ. ಪ್ರಮಾಣ ಬದಲಾಗುವುದು ಛಾಯಾಗ್ರಾಹಕ ಹೆಜ್ಜೆ ಇಟ್ಟಾಗ. ಆದ್ದರಿಂದ ಪರಿಪ್ರೇಕ್ಷ್ಯವೆಂಬುದು ಯಂತ್ರಕ್ಕಿಂತ ಕಾಲಿಗೆ ಸಂಬಂಧಿಸಿದ ವಿದ್ಯೆ ಎನ್ನಬಹುದು.

ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ಏಳು ನೆಲೆಯ ಗೋಪುರ ಇದಕ್ಕೆ ಉತ್ತಮ ಉದಾಹರಣೆ. ಗೋಪುರವು ಸ್ವಭಾವತಃ ಮೇಲೆ ಹೋದಂತೆ ಕಿರಿದಾಗುವ ರಚನೆ. ಅದರ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿದರೆ, ಶಿಲ್ಪಿ ಉದ್ದೇಶಿಸಿದ ಕಿರಿದಾಗುವಿಕೆಗೆ ಕ್ಯಾಮೆರಾದ ಓರೆಯೂ ಸೇರಿಕೊಳ್ಳುತ್ತದೆ. ಯಾವುದು ಕಟ್ಟಿದವನದು, ಯಾವುದು ನೋಡಿದವನದು ಎಂಬುದು ನೋಡುಗನಿಗೆ ತಿಳಿಯದು. ಪದ್ಮತೀರ್ಥ ಕೊಳದ ಆಚೆ ದಡಕ್ಕೆ ಸರಿದು, ಫಿಲ್ಮಿನ ತಲವನ್ನು ನೆಲಕ್ಕೆ ಲಂಬವಾಗಿ ಇರಿಸಿದಾಗ ಮಾತ್ರ ಶಿಲ್ಪಿಯ ಲೆಕ್ಕಾಚಾರ ಶುದ್ಧವಾಗಿ ಉಳಿಯುತ್ತದೆ. ಹಿಂದೆ ಸರಿಯಲು ಎಡೆಯಿಲ್ಲದ ಮಟ್ಟಾಂಚೇರಿಯ ಬಜಾರ್ ರಸ್ತೆಯಂಥ ಇಕ್ಕಟ್ಟಿನಲ್ಲಿ ಎದುರು ಮನೆಯ ಉಪ್ಪರಿಗೆಯೇ ಸೂಕ್ತ ಸ್ಥಾನ.

3

ಮೈವಳಿಕೆಯನ್ನು ಹುಟ್ಟಿಸುವುದು ಬೆಳಕಿನ ಕೋನ. ಗೋಡೆಗೆ ನೇರವಾಗಿ ಬಿದ್ದ ಬೆಳಕು ಒರಟನ್ನು ಅಳಿಸುತ್ತದೆ. ಗೋಡೆಯನ್ನು ಸವರಿಕೊಂಡು ಹೋಗುವ ಬೆಳಕು ಪ್ರತಿ ಉಬ್ಬಿಗೂ ಒಂದೊಂದು ನೆರಳನ್ನು ಕೊಡುತ್ತದೆ. ಈ ಕಾರಣದಿಂದಲೇ ಪಾಠಪುಸ್ತಕಗಳು ಬೆಳಗನ್ನೂ ಸಂಜೆಯನ್ನೂ ವಿಧಿಸಿ ನಡುಹಗಲನ್ನು ನಿಷೇಧಿಸುತ್ತವೆ. ಆದರೆ ಆ ನಿಷೇಧ ಉತ್ತರದ ಶೀತದೇಶಗಳಿಂದ ಬಂದುದು. ಕೊಚ್ಚಿ ಇರುವುದು ಸುಮಾರು 10 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ನಡುಭಾಗದಲ್ಲಿಯೂ ಆಗಸ್ಟ್ ಕೊನೆಯಲ್ಲಿಯೂ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ನೆಲದ ಮೈವಳಿಕೆ ಅಳಿಯುವುದು ನಿಜ. ಆದರೆ ಬೆಳಕು ಲಂಬವಾದ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸವರುವುದರಿಂದ, ಸೂರಿನ ನೆರಳಿಗೆ ಸಿಗದ ಗೋಡೆಗಳಲ್ಲಿ ಗಾರೆಯ ಉಬ್ಬು, ಕಲ್ಲಿನ ರಂಧ್ರ, ಕಿಟಕಿಯ ಪಟ್ಟಿ ಎಲ್ಲವೂ ಎದ್ದು ನಿಲ್ಲುತ್ತವೆ. ಪ್ರದೇಶವನ್ನು ಅರಿಯದ ನಿಯಮ ಅರ್ಧ ನಿಯಮವೆಂಬುದಕ್ಕೆ ಇದು ಸಾಕ್ಷಿ.

ವರ್ಣಗಳು ಬೂದುಛಾಯೆಗಳಾಗಿ ಮಾರ್ಪಡುವ ಬಗೆಯೂ ಗಮನಾರ್ಹ. ಸುಣ್ಣದ ಗಾರೆ ಉದುರಿ ಒಳಗಿನ ಮುರಕಲ್ಲು ಕಾಣಿಸಿಕೊಂಡ ಗೋಡೆಗಳು ಕರಾವಳಿಯಲ್ಲಿ ಸಾಮಾನ್ಯ. ಅಲ್ಲಿ ಕೆಂಪು ಶೋಧಕವನ್ನು ಬಳಸಿದರೆ ಕೆಂಪುಕಲ್ಲು ತಿಳಿಯಾಗಿ ಗಾರೆಯ ಬಿಳುಪಿಗೆ ಹತ್ತಿರವಾಗುತ್ತದೆ, ಭೇದ ಮಾಯವಾಗುತ್ತದೆ. ಹಸಿರು ಶೋಧಕವಾದರೆ ಕಲ್ಲು ಕಡುಗಪ್ಪಾಗಿ, ತೆಂಗಿನ ಗರಿ ತಿಳಿಯಾಗಿ ಮೂಡುತ್ತದೆ. ಡಿಜಿಟಲ್ ಕ್ಯಾಮೆರಾದ ಚಿತ್ರವನ್ನು ಕಪ್ಪುಬಿಳುಪಿಗೆ ಪರಿವರ್ತಿಸುವಾಗಲೂ ಇದೇ ತತ್ತ್ವ ಅನ್ವಯಿಸುತ್ತದೆ. ಬೆಳಕಿನ ಮಾಪಕವು ಎಲ್ಲವನ್ನೂ ನಡುಬೂದು ಎಂದೇ ಭಾವಿಸುವುದರಿಂದ, ಚೌಕಟ್ಟನ್ನು ತುಂಬಿದ ಸುಣ್ಣದ ಗೋಡೆಗೆ ಅದು ಸೂಚಿಸಿದುದಕ್ಕಿಂತ ಒಂದೂವರೆ ಇಲ್ಲವೆ ಎರಡು ಸ್ಟಾಪ್ ಹೆಚ್ಚು ಬೆಳಕನ್ನು ಕೊಡಬೇಕು.

ಪರಿಪ್ರೇಕ್ಷ್ಯ ಮತ್ತು ಮೈವಳಿಕೆಗಳು ಮೂಲತಃ ಬೇರೆ ಬೇರೆಯಲ್ಲ. ಅಮೆರಿಕದ ಮನೋವಿಜ್ಞಾನಿ ಜೆ. ಜೆ. ಗಿಬ್ಸನ್ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೇಲ್ಮೈಯ ಕಣಗಳು ದೂರ ಸರಿದಂತೆ ದಟ್ಟವಾಗುತ್ತ ಹೋಗುವುದೇ ಕಣ್ಣಿಗೆ ಆಳವನ್ನು ತಿಳಿಸುತ್ತದೆಂದು ಪ್ರತಿಪಾದಿಸಿದನು. ಹೆಂಚಿನ ಮಾಡನ್ನು ನೋಡಿದವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಹತ್ತಿರದ ಹೆಂಚು ಒಂದೊಂದಾಗಿ ಎಣಿಕೆಗೆ ಸಿಗುತ್ತದೆ. ದೂರದವು ಗೆರೆಗಳಾಗಿ, ಕೊನೆಗೆ ಬರಿಯ ಬೂದುಬಣ್ಣವಾಗಿ ಬೆರೆಯುತ್ತವೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ‘ಮಂಗಳೂರು ಹೆಂಚು’ ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿತು. ಕೊಚ್ಚಿಯ ಬೀದಿಯ ಪಾಠವನ್ನು ಮಂಗಳೂರು, ಉಡುಪಿಗಳ ಬೀದಿಗಳಲ್ಲಿಯೂ ಓದಿಕೊಳ್ಳಲು ಸಾಧ್ಯವಾಗುವುದು ಇದರಿಂದಲೇ.

4

ತುಂಬದ ನಿದರ್ಶನ ಇನ್ನೊಂದು ಬಗೆಯದು. ಭೂಕಾಂತೀಯ ಸಮಭಾಜಕ ವೃತ್ತಕ್ಕೆ ಸಮೀಪದ ಈ ಮೀನುಗಾರರ ಊರಿನಿಂದ 1963ರ ನವೆಂಬರ್ 21ರಂದು ನೈಕಿ–ಅಪಾಚೆ ರಾಕೆಟ್ಟು ಹಾರಿತು. ಊರವರು ಬಿಟ್ಟುಕೊಟ್ಟ ಸಂತ ಮೇರಿ ಮಗ್ದಲೇನಾ ಇಗರ್ಜಿಯೇ ಮೊದಲ ಕಾರ್ಯಾಲಯ. ಪ್ರಾರ್ಥನೆಯ ಕೋಣೆ ಪ್ರಯೋಗಾಲಯವಾಯಿತೆಂಬುದನ್ನು ಅಬ್ದುಲ್ ಕಲಾಮ್ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಆ ಇಗರ್ಜಿ ಇಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯ.

1966ರಲ್ಲಿ ಫ್ರಾನ್ಸಿನ ಆನ್ರಿ ಕಾರ್ತಿಯೆ–ಬ್ರೆಸ್ಸೋನ್ ತುಂಬಕ್ಕೆ ಬಂದು ತೆಗೆದ ಕಪ್ಪುಬಿಳುಪು ಚಿತ್ರ ಜಗತ್ಪ್ರಸಿದ್ಧ. ರಾಕೆಟ್ಟಿನ ಶಂಕು ಸೈಕಲ್ಲಿನ ಮೇಲೆ ಸಾಗುತ್ತಿದೆ. ಇಬ್ಬರು ಅದನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಸೈಕಲ್ಲಿನ ಗಾತ್ರವನ್ನು ಎಲ್ಲರೂ ಬಲ್ಲರು. ಆದ್ದರಿಂದ ಅಪರಿಚಿತವಾದ ಶಂಕುವಿನ ಗಾತ್ರ ತಾನಾಗಿಯೇ ತಿಳಿಯುತ್ತದೆ. ಸೈಕಲ್ಲಿನ ತೆಳುಗಂಬಿಗಳ ಪಕ್ಕದಲ್ಲಿ ಶಂಕುವಿನ ನುಣುಪು ಮತ್ತಷ್ಟು ನುಣುಪಾಗುತ್ತದೆ. ವರ್ಣವಿದ್ದಿದ್ದರೆ ಕಣ್ಣು ಬೇರೆಡೆಗೆ ಹರಿಯುತ್ತಿತ್ತು. ಒಂದು ದೇಶದ ಬಡತನ ಮತ್ತು ಮಹತ್ವಾಕಾಂಕ್ಷೆಗಳೆರಡನ್ನೂ ಈ ಚಿತ್ರ ಒಂದೇ ಅಳತೆಗೋಲಿನಿಂದ ಅಳೆದಿದೆ.

5

ಇದರಿಂದ ಒಂದು ನೈತಿಕ ಪ್ರಶ್ನೆಯೂ ಏಳುತ್ತದೆ. ಉದುರಿದ ಗಾರೆ ಛಾಯಾಗ್ರಾಹಕನಿಗೆ ಚೆಲುವಾದ ಮೈವಳಿಕೆ. ಒಳಗೆ ವಾಸಿಸುವವನಿಗೆ ಅದು ಮಳೆಗಾಲದ ಸೋರಿಕೆ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ ಕೊಚ್ಚಿಯ ಯಹೂದಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ತೆರಳಿದರು. ಮುಚ್ಚಿದ ಬಾಗಿಲು ಅಲ್ಲಿ ಕೇವಲ ಮರದ ನೇಯ್ಗೆಯಲ್ಲ, ಒಂದು ವಿದಾಯದ ಕುರುಹು. ತುಂಬದ ಇಗರ್ಜಿಯ ಗೋಡೆಯೂ ಒಂದು ಊರಿನ ತ್ಯಾಗದ ಕುರುಹು. ಗೋಡೆಯನ್ನಷ್ಟೇ ಕತ್ತರಿಸಿ ತೋರಿಸುವ ಚಿತ್ರ ಈ ಸಂಗತಿಯನ್ನು ಮರೆಸುತ್ತದೆ. ಬಾಗಿಲಲ್ಲಿ ನಿಂತ ಒಬ್ಬ ಮನುಷ್ಯ ಚೌಕಟ್ಟಿನೊಳಗೆ ಬಂದಾಗ ಗಾತ್ರದ ಜೊತೆಗೆ ಬಾಳೂ ಬರುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ ಅವರು ಕನ್ನಡದ ತಮ್ಮ ಆತ್ಮಕಥನಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟುದು ಇಲ್ಲಿ ಸ್ಮರಣೀಯ.

ಆದುದರಿಂದ ಅಭ್ಯಾಸಿಯು ಒಂದೇ ಬೀದಿಗೆ ಬೆಳಗ್ಗೆ, ನಡುಹಗಲು, ಸಂಜೆ ಮೂರು ಹೊತ್ತು ಹೋಗುವುದು ಅವಶ್ಯಕ. ಪ್ರತಿ ಚಿತ್ರದ ಹಿಂಬದಿಯಲ್ಲಿ ಊರು, ಬೀದಿ, ದಿನಾಂಕಗಳನ್ನು ಬರೆದಿಡುವುದು ಅಷ್ಟೇ ಅವಶ್ಯಕ. ಗೋಡೆ ಬಿದ್ದ ಮೇಲೆ ಅದು ನಿಂತಿದ್ದ ನೆಲೆಯನ್ನು ಹೇಳಬಲ್ಲುದು ಆ ಬರೆಹವೊಂದೇ.